ನಾಗಮ್ಮಾಳ್ ಬಾಯಲ್ಲಿ ಆನೆ

ಗುಡಲೂರು ದಾಟಿ ಕುಮುಳಿಯ ಮಲೆದಾರಿ ಏರತೊಡಗಿದ ಮೇಲೆ, ಎರಡನೆಯ ತಿರುವಿನಲ್ಲಿ, ನಾಗಮ್ಮಾಳ್ ಎಲೆಯಡಿಕೆಯ ರಸ ಉಗಿಯಲೆಂದು ಗಾಡಿಯ ಹಿಂಬದಿಯಿಂದ ತಲೆ ಹೊರಗೆ ಹಾಕಿದಳು. ಹಿಂದಿನ ಗಾಡಿಯಲ್ಲಿ ಅವಳ ತಂಗಿ ಪಿಚ್ಚೈಯಮ್ಮಾಳ್ ಕೂತಿದ್ದಳು. ನಾಗಮ್ಮಾಳ್ ಉಗಿಯುವುದನ್ನು ಮರೆತು ಹಾಗೇ ನುಂಗಿಬಿಟ್ಟಳು.

"ಲೇ ಲಕ್ಷ್ಮಣಾ, ವಂಡಿ ತಿರುಗ್ಸು," ಎಂದಳು, ಕೆಮ್ಮು ನಿಂತ ಮೇಲೆ.

ಲಕ್ಷ್ಮಣನ್ ಅವರಿಬ್ಬರ ತೀರಿಹೋದ ಅಣ್ಣನ ಮಗ. ಮೂವತ್ತು ದಾಟಿದವನು, ಮೂರು ಮಕ್ಕಳ ತಂದೆ. ಆದರೂ ಈ ಅತ್ತೆಯಂದಿರ ಎದುರು ಅವನ ಮುಖ ಬೆಲ್ಲ ಕದ್ದು ಸಿಕ್ಕಿಬಿದ್ದವನ ಮುಖವಾಗುತ್ತಿತ್ತು. "ಅತ್ತೆ, ಇದು ಮಲೆ ದಾರಿ. ಇಲ್ಲಿ ತಿರುಗ್ಸಿದ್ರೆ ಎತ್ತು ಮೇಲಿರ್ತವೆ, ನಾವು ಕೀಳೆ ಇರ್ತೀವಿ," ಎಂದು ಕಣಿವೆಯತ್ತ ಬೆರಳು ತೋರಿಸಿದ.

"ಅವಳು ಬರ್ತಾಳೆ ಅಂತ ನಂಗೆ ಯಾಕೆ ಸೊಲ್ಲಲಿಲ್ಲ?"

"ಸೊಲ್ಲಿದ್ರೆ ನೀವು ಬತ್ತಿದ್ರಾ?"

ನಾಗಮ್ಮಾಳ್ ಸೆರಗಿನಿಂದ ಬಾಯೊರೆಸಿಕೊಂಡಳು. ಈ ಕಳ್ಳ ಚಿನ್ನಮನೂರಿನ ಅವಳ ಮನೆಗೆ ಬಂದು, ಹೊಸ ಅಣೆಕಟ್ಟು ತೋರಿಸುತ್ತೇನೆ ಎಂದಿದ್ದ. ಪೆರಿಯಕುಳಕ್ಕೆ ಹೋಗಿ ತಂಗಿಗೆ ಆನೆ ತೋರಿಸುತ್ತೇನೆ ಎಂದಿದ್ದನಂತೆ. ಇಬ್ಬರೂ ಹೊಸ ಸೀರೆ ಉಟ್ಟು ಹೊರಟಿದ್ದರು.

ಜಗಳ ನಡೆದದ್ದು ಹನ್ನೊಂದು ವರ್ಷದ ಹಿಂದೆ, ಇದೇ ಲಕ್ಷ್ಮಣನ ಮದುವೆಯ ಮಾರನೆಯ ದಿನ. ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ಪಿಚ್ಚೈಯಮ್ಮಾಳ್ ನಗುತ್ತ, "ಅಕ್ಕ ಕಟ್ಟಿದ ಮುದ್ದೇಲಿ ರಾಗಿಗಿಂತ ಗಂಟೇ ಜಾಸ್ತಿ," ಎಂದಳು. ಬೀಗರು ನಕ್ಕರು. ನಾಗಮ್ಮಾಳ್ ಸೌಟು ಕೆಳಗಿಟ್ಟು, "ಇನ್ನು ನಾನಾಗಿ ನಿನ್ನ ಮೊದ್ಲು ಮಾತಾಡ್ಸಿದ್ರೆ ಅವ್ವನ ಆಣೆ," ಎಂದಳು. ಪಿಚ್ಚೈಯಮ್ಮಾಳೇನು ಕಡಿಮೆಯೇ? "ನಾನೂ ಮೊದ್ಲು ಮಾತಾಡ್ಸೋದಿಲ್ಲ, ಹೋಗು," ಎಂದಳು. ಅವ್ವ ಆಗಿನ್ನೂ ಬದುಕಿದ್ದಳು, ಅಲ್ಲೇ ಗೋಡೆಗೊರಗಿ ಮಜ್ಜಿಗೆ ಕುಡಿಯುತ್ತಿದ್ದಳು. ಮುಂದಿನ ಹಬ್ಬಕ್ಕೆ ಸರಿಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ಎರಡು ವರ್ಷ ಹಾಗೆ ಅಂದುಕೊಳ್ಳುವುದರಲ್ಲೇ ಕಳೆದು, ಅವ್ವ ತೀರಿಕೊಂಡಳು. ಅವಳ ಮೇಲಿಟ್ಟ ಆಣೆಯನ್ನು ಇನ್ನು ಬಿಡಿಸುವವರು ಯಾರು?

ಆಮೇಲೆ ನಾಗಮ್ಮಾಳ್ ಎಷ್ಟೋ ಸಲ ಪೆರಿಯಕುಳದ ಕಡೆ ಹೋಗುವ ಗಾಡಿಗಳನ್ನು ನೋಡುತ್ತ ಜಗುಲಿಯ ಮೇಲೆ ಕೂತದ್ದುಂಟು. ಅವ್ವ ಹರೆಯದಲ್ಲಿ ಹೇಗೆ ನಗುತ್ತಿದ್ದಳು ಎಂದು ನೆನಪಿರುವವರು ಲೋಕದಲ್ಲಿ ಈಗ ಇಬ್ಬರೇ ಉಳಿದಿದ್ದರು. ತಂಗಿ ತಾನಾಗಿ ಒಂದೇ ಒಂದು ಮಾತಾಡಲಿ, ಬೈದರೂ ಸರಿ, ಎಂದು ನಾಗಮ್ಮಾಳ್ ಕಾಯುತ್ತಿದ್ದಳು. ಆದರೆ ತಾನು ಮೊದಲು ಬಾಯಿ ತೆರೆಯುವಂತಿರಲಿಲ್ಲ. ಅವ್ವನ ಆಣೆ ಎಂದರೆ ಅವ್ವನ ಆಣೆಯೇ.

ಯಾತ್ರೆ ನಡೆಸುತ್ತಿದ್ದವನು ದಿಂಡಿಗಲ್ಲಿನ ಜೆಯರಾಜ್. ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ಉಗ್ರಾಣದಲ್ಲಿದ್ದವನು. ಕೆಲಸ ಮುಗಿದು ನೀರು ನಿಂತ ಮೇಲೆ, ಕಲ್ಲು ಸಾಗಿಸುತ್ತಿದ್ದ ಒಂದು ಅಗಲವಾದ ದೋಣಿಗೆ ಬಣ್ಣ ಹೊಡೆಸಿ ಬೆಂಚು ಹಾಕಿಸಿದ್ದ. ಮಲೆ ಹತ್ತುವುದು, ನೀರಿನ ಮೇಲೆ ಒಂದು ದಿನ, ಕಾಡಿನ ಬಂಗಲೆಯಲ್ಲಿ ಒಂದು ರಾತ್ರಿ, ಮತ್ತೆ ವಾಪಸು. ಉಳಿದ ಯಾತ್ರಿಕರು ದಿಂಡಿಗಲ್ಲಿನ ಐದು ಜನ ಜವಳಿ ವ್ಯಾಪಾರಿಗಳು. ಜೆಯರಾಜ್ ಕೈಯಲ್ಲಿ ಒಂದು ಹಿತ್ತಾಳೆ ಗಂಟೆ. ನೋಡತಕ್ಕದ್ದು ಬಂದಾಗಲೆಲ್ಲ ಬಾರಿಸುವನು. ಹೊಸ ಕೆರೆಯಲ್ಲಿ ಅವನ ಕಣ್ಣಿಗೆ ನೋಡತಕ್ಕದ್ದಲ್ಲದ್ದು ಯಾವುದೂ ಇರಲಿಲ್ಲ.

"ಅಮ್ಮಾ, ಅಯ್ಯಾ, ಕೆಳಗೆ ನೋಡಿ," ಎಂದು ದೋಣಿಯ ಮುಂದೆ ನಿಂತು ತಮಿಳಿನಲ್ಲಿ ಹೇಳುವನು. "ಎರಡು ವರ್ಷದ ಹಿಂದೆ ಇಲ್ಲಿ ಹುಲಿ ನಡೆಯುತ್ತಿತ್ತು. ಈಗ ನಾವು ಅದರ ತಲೆಯ ಮೇಲೆ ಹೋಗುತ್ತಿದ್ದೇವೆ."

ಮುಳುಗಿದ ಮರಗಳ ತುದಿಗಳು ನೀರಿನಿಂದ ಮೇಲೆದ್ದು ನಿಂತಿದ್ದವು. ಒಂದೊಂದರ ಮೇಲೆ ಒಂದೊಂದು ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಗಾಡಿಯಾದರೆ ಎರಡಿದ್ದವು, ದೋಣಿ ಒಂದೇ. ಲಕ್ಷ್ಮಣನ್ ಅತ್ತೆಯಂದಿರ ನಡುವೆ ಬೇಲಿಯ ಹಾಗೆ ಕೂತ.

"ಲಕ್ಷ್ಮಣಾ," ಎಂದಳು ಪಿಚ್ಚೈಯಮ್ಮಾಳ್, ಬೆಟ್ಟದ ಕಡೆ ನೋಡುತ್ತ. "ಒಬ್ಬರ ಸೆರಗು ನೀರು ಕುಡೀತದೆ ಅಂತ ಸೊಲ್ಲು."

"ಅತ್ತೆ, ನಿಮ್ಮ ಸೆರಗು..."

"ಕುಡಿದ್ರೆ ಕುಡೀಲಿ. ಕೆರೆ ಏನು ಬತ್ತೋಗೋದಿಲ್ಲ ಅಂತ ಸೊಲ್ಲು."

"ಅತ್ತೆ, ಕೆರೆ..."

"ಕೇಳ್ಸಿತು. ಹೊಸ ಸೀರೆ ಬಣ್ಣ ಬಿಡ್ತದೆ, ಕೆರೆ ಕೆಂಪಾಗ್ತದೆ ಅಂತ ಸೊಲ್ಲು."

ಅರ್ಧ ಗಂಟೆಗೆ ಲಕ್ಷ್ಮಣನ ಗಂಟಲು ಕಟ್ಟಿತು. ಮುಂದೆ ಕೂತ ವ್ಯಾಪಾರಿಗಳಿಗೆ ಕನ್ನಡ ಬಾರದಿದ್ದರೂ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಉಳಿದ ಕಾಲು ಪಾಲನ್ನು ಹುಟ್ಟು ಹಾಕುವವನೊಬ್ಬ ತಮಿಳಿನಲ್ಲಿ ಹೇಳಿಕೊಡತೊಡಗಿದ. ಜೆಯರಾಜ್ ಜಿಂಕೆಯ ಹಿಂಡು ಕಂಡು ಗಂಟೆ ಬಾರಿಸಿದರೆ ಯಾರೂ ತಿರುಗಲಿಲ್ಲ. ಎಲ್ಲರಿಗೂ ಸೀರೆಯ ಬಣ್ಣದ ಸಂಗತಿ ಎಲ್ಲಿಗೆ ಮುಟ್ಟೀತೆಂಬ ಚಿಂತೆ. ಅಷ್ಟರಲ್ಲಿ ಹಿಂದೆ ಕೂತ ಮುದುಕ ಅಂಬಿಗ ಬಗ್ಗಿ, ನಾಗಮ್ಮಾಳ್ ಸೆರಗನ್ನು ನೀರಿನಿಂದೆತ್ತಿ, ಹಿಂಡಿ, ಬೆಂಚಿನ ಮೇಲೆ ಹರವಿಟ್ಟ. ಅವಳಿಗೆ ನಗು ಬಂತು. ನಕ್ಕರೆ ತಂಗಿಗೆ ಕಾಣುತ್ತದೆಂದು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡಳು. ಕಚ್ಚಲು ಹಿಂದಿನ ಹಲ್ಲುಗಳಾದರೂ ಇದ್ದವು. ಮುಂದಿನವು ಉದುರಿ ನಾಲ್ಕು ವರ್ಷವಾಗಿತ್ತು. ಅಂದಿನಿಂದ, ಅವಸರದಲ್ಲಿ ಮಾತಾಡಿದರೆ ಅವಳ ಬಾಯಲ್ಲಿ 'ನ' ಹೋಗಿ 'ಣ' ಆಗಿಬಿಡುತ್ತಿತ್ತು. ನೆಂಟರ ಮನೆಯಲ್ಲಿ ಬೇಸರವಾಗಿ "ಮನೆ, ಮನೆ" ಎಂದರೆ ಆ ಮನೆಯ ಸೊಸೆ ಓಡಿಹೋಗಿ ಕೂರಲು ಮಣೆ ತರುವಳು.

ಬಂಗಲೆ ಇದ್ದದ್ದು ನೀರಿಗೆ ಚಾಚಿದ ಒಂದು ದಿಬ್ಬದ ಮೇಲೆ. ಹುಲ್ಲಿನ ಚಾವಣಿ, ಸುತ್ತ ಜಗುಲಿ, ಎರಡು ಕೋಣೆ. ಆನೆ ಬಾರದಂತೆ ಸುತ್ತಲೂ ಆಳುದ್ದ ಅಗೆದ ಕಂದಕ. ದಾಟಲು ಒಂದು ಹಲಗೆ. ಕತ್ತಲಾಗುವ ಮೊದಲು ಹಲಗೆಯನ್ನು ಒಳಗೆಳೆದುಕೊಂಡರೆ ಕಾಡು ಆ ಕಡೆ, ನಾವು ಈ ಕಡೆ. ಕಾವಲುಗಾರನ ಹೆಂಡತಿ ಮಾರಿಯಮ್ಮಾಳ್ ಅಡುಗೆ ನೋಡಿಕೊಳ್ಳುತ್ತಿದ್ದಳು. ಗಂಡಸರಿಗೆ ಒಂದು ಕೋಣೆ, ಹೆಂಗಸರಿಗೆ ಒಂದು. ಹೆಂಗಸರೆಂದರೆ ಇವರಿಬ್ಬರೇ. ಒಳಗೆ ಎರಡು ಮಂಚ. ನಡುವೆ ಒಂದು ಕೈ ಹಿಡಿಸುವಷ್ಟು ಜಾಗ.

ಕಿಟಕಿಗೆ ಗಾಜಿತ್ತು. ನಾಗಮ್ಮಾಳ್ ಗಾಜಿನ ಕಿಟಕಿಯ ಪಕ್ಕ ಎಂದೂ ಮಲಗಿದವಳಲ್ಲ. ಬೆರಳಿನಿಂದ ತಟ್ಟಿ ನೋಡಿದಳು, ಮೂಗಿಟ್ಟು ನೋಡಿದಳು. ಹಿಂದೆ ತಂಗಿಯೂ ಇನ್ನೊಂದು ಕಿಟಕಿಗೆ ಮೂಗು ಒತ್ತಿಕೊಂಡದ್ದು ಗಾಜಿನಲ್ಲೇ ಕಾಣಿಸಿತು. ಇಬ್ಬರೂ ಒಟ್ಟಿಗೆ ಮೂಗು ತೆಗೆದರು.

ಊಟವಾಗಿ ಬಂದು ನೋಡಿದರೆ ಮಂಚದ ತಲೆದೆಸೆಯಲ್ಲಿ ಒಂದು ಎಲೆಯ ಮೇಲೆ ಕುಟ್ಟಿದ ಎಲೆಯಡಿಕೆ. ನುಣ್ಣಗೆ, ಮಗುವಿಗೆ ಕುಟ್ಟಿದ ಹಾಗೆ. ಬಿಸಿನೀರು ತಂದ ಮಾರಿಯಮ್ಮಾಳಿಗೆ ನಾಗಮ್ಮಾಳ್, "ನೀ ಚೆನ್ನಾಗಿರು ತಾಯಿ. ನಂಗೆ ಹಲ್ಲಿಲ್ಲ ಅಂತ ಹೆಂಗೆ ತಿಳೀತು?" ಎಂದಳು.

"ನಾನಲ್ಲ ಅಮ್ಮಾ," ಎಂದಳು ಅವಳು. "ಆ ಅಮ್ಮ ಕಲ್ಲು ಕೇಳಿ ಇಸ್ಕೊಂಡ್ರು. ಊಟಕ್ಕೆ ಮೊದಲೇ ಕೂತು ಕುಟ್ಟಿದ್ರು."

ಪಿಚ್ಚೈಯಮ್ಮಾಳ್ ಆ ಕಡೆ ಮುಖ ಮಾಡಿ ಮಲಗಿದ್ದಳು. ಮಲಗಿದವರ ಬೆನ್ನು ಹಾಗಿರುವುದಿಲ್ಲ. ಕೇಳಿಸಿಕೊಳ್ಳುವವರ ಬೆನ್ನು ಹಾಗಿರುತ್ತದೆ. ನಾಗಮ್ಮಾಳ್ ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಹೇಳಬೇಕಾದ ಒಂದು ಮಾತು ನಾಲಿಗೆಯ ತುದಿಯವರೆಗೆ ಬಂದು, ಆಣೆಯನ್ನು ಕಂಡು ಹಿಂದಕ್ಕೆ ಹೋಯಿತು. ಈ ಒಂದು ರಾತ್ರಿ ಕಳೆದರೆ ನಾಳೆ ಮತ್ತೆ ಎರಡು ಊರು, ಎರಡು ಗಾಡಿ. ಇಷ್ಟು ಹತ್ತಿರ ಮತ್ತೆ ಯಾವಾಗ ಮಲಗುತ್ತೇವೋ ಎಂದುಕೊಳ್ಳುತ್ತಲೇ ಅವಳಿಗೆ ನಿದ್ದೆ ಹತ್ತಿತು.

ಬೆಳಗಾಗುವ ಹೊತ್ತಿಗೆ ಮಾರಿಯಮ್ಮಾಳ್ ಹಲಗೆ ಹಾಕಿ, ಸೌದೆಗೆಂದು ಬಂಗಲೆಯ ಹಿಂದೆ ಹೋದಳು. ನಾಗಮ್ಮಾಳ್ ಎದ್ದು ಜಗುಲಿಗೆ ಬಂದಳು. ನೀರಿನ ಮೇಲೆ ಮಂಜು. ಕಂದಕದ ಆಚೆ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಪಿಚ್ಚೈಯಮ್ಮಾಳ್ ಹಿತ್ತಾಳೆ ಚೊಂಬು ಹಿಡಿದು ನೀರಂಚಿನಲ್ಲಿ ಕೂತು ಮುಖ ತೊಳೆಯುತ್ತಿದ್ದಳು. ಅವಳ ಹಿಂದೆ ಮಂಜಿನ ಒಂದು ತುಂಡು ಉಳಿದ ಮಂಜಿಗಿಂತ ಕಪ್ಪಗಿತ್ತು. ಆ ತುಂಡಿಗೆ ಕಿವಿಗಳಿದ್ದವು.

ನಾಗಮ್ಮಾಳ್ ಮೊದಲು ಮಾಡಿದ ಕೆಲಸ, ಹೇಳಿ ಕಳಿಸಲು ಯಾರಾದರೂ ಇದ್ದಾರೆಯೇ ಎಂದು ನೋಡಿದ್ದು. ಲಕ್ಷ್ಮಣನ ಗೊರಕೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಮೆಟ್ಟಿಲ ಬಳಿ ಕಾವಲುಗಾರನ ನಾಯಿ ಮಲಗಿತ್ತು. ಅದರತ್ತ ಕೂಡ ಒಂದು ಕ್ಷಣ ನೋಡಿದಳು. ಆ ಕಪ್ಪು ತುಂಡು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮರಿಯೊಂದು ಅದರ ಕಾಲಿನ ಸಂದಿಯಿಂದ ಇಣುಕಿತು, ಮತ್ತೆ ಅಡಗಿತು.

"ಆನೆ!" ಎಂದು ಕೂಗಿದಳು ನಾಗಮ್ಮಾಳ್. ಬಾಯಿಂದ ಹೊರಬಿದ್ದದ್ದು "ಆಣೆ".

ಪಿಚ್ಚೈಯಮ್ಮಾಳ್ ತಿರುಗಲಿಲ್ಲ. ಅವಳ ಬೆನ್ನು ನೆಟ್ಟಗಾಯಿತು. "ಗೊತ್ತು," ಎಂದಳು. "ಹನ್ನೊಂದು ವರ್ಷದಿಂದ ಗೊತ್ತು. ಎದ್ದ ಕೂಡ್ಲೇ ಜ್ಞಾಪಿಸ್ಬೇಕಾ?"

"ಆಣೆ ಕಣೇ, ಆಣೆ."

"ಇಟ್ಕೋ ನಿನ್ನ ಆಣೆ. ಗಂಟು ಕಟ್ಟಿ ಪೆಟ್ಟಿಗೇಲಿ ಇಟ್ಕೋ. ಮುದ್ದೇಲಿ ಗಂಟಿತ್ತು, ಇತ್ತು ಅಂದೆ. ಅದಕ್ಕೆ..."

"ಅಯ್ಯೋ, ಆ ಆಣೆ ಅಲ್ಲ ಪಿಚ್ಚೆ. ಸೊಂಡ್ಲು ಇರೋ ಆಣೆ. ಹಿಂದಕ್ಕೆ ತಿರುಗು."

ಪಿಚ್ಚೈಯಮ್ಮಾಳ್ ಹಿಂದೆ ನೋಡಿದಳು. ಐವತ್ತೇಳು ವರ್ಷದ ಹೆಂಗಸು ಆಮೇಲೆ ಓಡಿದ ಓಟವನ್ನು ಪೆರಿಯಕುಳದಲ್ಲಿ ಯಾರೂ ನಂಬಲಾರರು. ಹಲಗೆಯ ಮೇಲೆ ಅವಳ ಕಾಲು ಎರಡೇ ಸಲ ಬಿತ್ತು. ಮೂರನೆಯ ಸಲ ಬಿದ್ದದ್ದು ಅವಳೇ, ಅಕ್ಕನ ಮೇಲೆ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಜಗುಲಿಯ ನೆಲದ ಮೇಲೆ ಕೂತುಬಿಟ್ಟರು.

ಆನೆ ನೀರಂಚಿಗೆ ಬಂದಿತು. ಬಿಟ್ಟು ಬಂದ ಚೊಂಬನ್ನು ಮೂಸಿತು, ಎತ್ತಿತು, ಒಳಗೇನೂ ಇಲ್ಲದ್ದನ್ನು ಕಂಡು ಕೆಳಗೆ ಹಾಕಿ, ಕಾಲಿನಿಂದ ಮೆಲ್ಲಗೆ ಒತ್ತಿತು. ಚೊಂಬು ತಟ್ಟೆಯಾಯಿತು. ಆಮೇಲೆ ಆ ಕಡೆ ಯೋಚನೆಯೇ ಇಲ್ಲದ ಹಾಗೆ ಮರಿಯನ್ನು ಮುಂದೆ ಬಿಟ್ಟುಕೊಂಡು ಜೊಂಡಿನೊಳಗೆ ಹೋಯಿತು.

ಯಾರು ಮೊದಲು ನಕ್ಕರೆಂದು ಹೇಳುವುದು ಕಷ್ಟ. ಪಿಚ್ಚೈಯಮ್ಮಾಳ್ "ಸೊಂಡ್ಲು ಇರೋ ಆಣೆ" ಎನ್ನುವಳು, ಮುಂದೆ ಹೇಳಲಾಗದೆ ಅಕ್ಕನ ತೊಡೆಯ ಮೇಲೆ ಬಡಿಯುವಳು. ನಾಗಮ್ಮಾಳ್ ಕಣ್ಣಲ್ಲಿ ನೀರು, ಬಾಯಲ್ಲಿ ಹಲ್ಲಿಲ್ಲದ ನಗು. ಲಕ್ಷ್ಮಣನ್ ಪಂಚೆ ಕಟ್ಟಿಕೊಳ್ಳುತ್ತ ಓಡಿ ಬಂದ, ವ್ಯಾಪಾರಿಗಳು ಬಂದರು, ಜೆಯರಾಜ್ ಗಂಟೆ ಹಿಡಿದೇ ಬಂದ. ಏನಾಯಿತೆಂದರೆ ಇಬ್ಬರೂ ಚೊಂಬಿನ ಕಡೆ ಬೆರಳು ತೋರಿಸುವರು, ಮತ್ತೆ ನಗುವರು.

ಇದ್ದಕ್ಕಿದ್ದಂತೆ ನಾಗಮ್ಮಾಳ್ ನಗು ನಿಂತಿತು. "ಪಿಚ್ಚೆ," ಎಂದಳು ಮೆಲ್ಲಗೆ. "ನಾನೇ ಮೊದ್ಲು ಮಾತಾಡ್ಸಿಬಿಟ್ಟೆ. ಅವ್ವನ ಆಣೆ ಮುರಿದೋಯ್ತು."

ಪಿಚ್ಚೈಯಮ್ಮಾಳ್ ಅಕ್ಕನ ಮುಖ ನೋಡಿದಳು. ಕೆದರಿದ ಕೂದಲನ್ನು ಹಿಂದೆ ಸರಿಸಿ, ತೀರ್ಪು ಹೇಳುವ ಊರಗೌಡನ ಹಾಗೆ ಕಾಲು ಮಡಚಿ ಕೂತಳು.

"ಎಲ್ಲಿ ಮುರೀತು? ನೀ ಏನಂದೆ? ಆಣೆ ಅಂದೆ. ಆಣೆ ಅನ್ನೋದು ಆಣೆ ಕಾಪಾಡೋ ಮಾತು, ನನ್ನ ಮಾತಾಡ್ಸೋ ಮಾತಲ್ಲ. ಆಮೇಲೆ ನಾನು ಗೊತ್ತು ಅಂದೆ. ಯಾರ್ಗೆ ಅಂದೆ? ಲಕ್ಷ್ಮಣನ್ಗಾ, ಚೊಂಬುಗಾ? ನಿಂಗೇ ಅಂದೆ. ಮೊದ್ಲು ಮಾತಾಡಿದೋಳು ನಾನು."

"ಆದ್ರೆ ನಾ ಅಂದದ್ದು ಆನೆ ಅಂತ..."

"ನಿನ್ನ ಬಾಯಲ್ಲಿ ಬಂದದ್ದು ಆಣೆ. ನಾ ಕೇಳಿದ್ದು ಆಣೆ. ಅವ್ವನಿಗೂ ಹಂಗೇ ಕೇಳಿರ್ತದೆ, ಅವಳ್ಗೆ ಕಿವಿ ಮಂದ. ಸುಮ್ಕಿರು."

ಅವ್ವನ ಕಿವಿ ಕೊನೆಯವರೆಗೂ ಚುರುಕಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ನಾಗಮ್ಮಾಳ್ ತಂಗಿಯ ಒದ್ದೆ ಕೈಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಕೈ ತಣ್ಣಗಿತ್ತು. ಮಾರಿಯಮ್ಮಾಳ್ ಯಾರೂ ಕೇಳದೆ ಎರಡು ಲೋಟ ಬಿಸಿ ಗಂಜಿ ತಂದು ಪಕ್ಕದಲ್ಲಿಟ್ಟು, ನಿಂತು ನೋಡುತ್ತಿದ್ದ ವ್ಯಾಪಾರಿಗಳನ್ನು ಕೋಳಿ ಅಟ್ಟಿದಂತೆ ಒಳಗೆ ಅಟ್ಟಿದಳು.

ಎಂಟು ಗಂಟೆಗೆ ದೋಣಿ ಹೊರಡಬೇಕಿತ್ತು. ಜೆಯರಾಜ್ ಬಂದು ಗಂಟು ಕಟ್ಟಿಕೊಳ್ಳಿರೆಂದ. ಪಿಚ್ಚೈಯಮ್ಮಾಳ್ ತಲೆಯೆತ್ತಿ, "ದೋಣಿ ಮತ್ತೆ ಯಾವಾಗ ಬತ್ತದೆ?" ಎಂದಳು.

"ಶುಕ್ರವಾರ ಅಮ್ಮಾ. ಇನ್ನು ನಾಲ್ಕು ದಿನ."

ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿದರು. "ನಾವು ಶುಕ್ರವಾರ ಬತ್ತೀವಿ," ಎಂದಳು ನಾಗಮ್ಮಾಳ್.

"ಅತ್ತೆ, ಇದು ಕಾಡು," ಎಂದ ಲಕ್ಷ್ಮಣನ್, ಇದ್ದಷ್ಟು ಗಂಟಲಲ್ಲಿ.

"ಕಾಡು ಅಂತ ನಂಗೂ ಕಾಣ್ತದೆ. ಕಂದಕ ಇದೆ, ಹಲಗೆ ಇದೆ, ಮಾರಿಯಮ್ಮಾಳ್ ಇದ್ದಾಳೆ. ನಿಂಗೇನು ಕಷ್ಟ?"

"ನಿಮ್ಮ ಮಕ್ಕಳು ನನ್ನ ಕೊಲ್ತಾರೆ."

"ನಮ್ಮನ್ನ ಮೋಸ ಮಾಡಿ ಕರ್ಕೊಂಡು ಬಂದಾಗ ಆ ಭಯ ಇರ್ಲಿಲ್ವಾ? ಹೋಗು, ಹೋಗು. ನಿನ್ನ ಹೆಂಡ್ತಿ ಕಾಯ್ತಾ ಇರ್ತಾಳೆ."

ಅಷ್ಟು ಹೇಳಿ ಇಬ್ಬರೂ ಅವನನ್ನು ಮರೆತರು. ನಾಗಮ್ಮಾಳಿಗೆ ಹೇಳುವುದು ಬೇಕಾದಷ್ಟಿತ್ತು. ಮದುವೆಯ ಮಾರನೆಯ ದಿನ ತಾನು ಮನೆಗೆ ಹೋಗಿ ಏನು ಮಾಡಿದೆ ಎಂಬಲ್ಲಿಂದಲೇ ಶುರು ಮಾಡಿದಳು. ಪಿಚ್ಚೈಯಮ್ಮಾಳ್ ನಡುನಡುವೆ ಬಾಯಿ ಹಾಕಿ ಅದೇ ದಿನ ತಾನೇನು ಮಾಡಿದೆ ಎಂದು ಸೇರಿಸುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲನೆಯದರ ಸುದ್ದಿ ದಾಟುವಷ್ಟರಲ್ಲಿ ಒಂದು ಲೋಟ ಗಂಜಿ ಮುಗಿಯಿತು. ಕೆಳಗೆ ದೋಣಿ ದಡ ಬಿಟ್ಟಿತು. ಜೆಯರಾಜ್ ಗಂಟೆ ಬಾರಿಸಿ, ವ್ಯಾಪಾರಿಗಳಿಗೆ ಜಗುಲಿಯ ಕಡೆ ಕೈ ತೋರಿಸಿದ. ಲಕ್ಷ್ಮಣನ್ ಎದ್ದು ನಿಂತು ಕೈ ಬೀಸಿದ. ಯಾರೂ ಅವನ ಕಡೆ ನೋಡಲಿಲ್ಲ. ದೋಣಿ ದಿಬ್ಬದ ತಿರುವು ದಾಟಿ ಮರೆಯಾಗುವ ಹೊತ್ತಿಗೆ ಅವರಿಬ್ಬರೂ ಇನ್ನೂ ಮೂರನೆಯ ವರ್ಷದಲ್ಲಿದ್ದರು.