ಸಲ್ಮಾಳ ಬೋಗುಣಿ

"ನಿಮ್ಮ ಮಂದಿ ಹೆಂಥವರು, ಒಂದ ಮಾತಿನಾಗ ಹೇಳ್ರಿ," ಎಂದಳು, ಸಂಶೋಧನೆಗೆಂದು ಧಾರವಾಡದಿಂದ ಬಂದಿದ್ದ ಹುಡುಗಿ.

ಮಾರ್ಗರೀಟಾ ಸೆರಗು ಸರಿಮಾಡಿಕೊಂಡಳು. ಅವರ ಕೇರಿಗೆ ಬಂದು ಇಷ್ಟು ಮರ್ಯಾದೆಯಿಂದ ಕೇಳಿದವರೇ ಇರಲಿಲ್ಲ. ಹಳಿಯಾಳದ ಸಂತೆಯಲ್ಲಿ ಜನ ಅವಳ ಗುಂಗುರು ಕೂದಲು ನೋಡಿ ನಗುತ್ತಿದ್ದರು, ಅಷ್ಟೇ.

"ನಾವು ಸಿದ್ದಿಗಳ್ರಿ. ಬಡವ್ರು ಇರಬಹುದು, ಆದ್ರ ಮಂದಿ ಮನಿ ಭಾಂಡೆ ಖಾಲಿ ತಿರುಗಿ ಕೊಡೂದಿಲ್ಲ. ಒಂದ ಹಿಡಿ ಅಕ್ಕಿಯರ ಹಾಕೇ ಕೊಡ್ತೇವಿ."

ಎದೆಯುಬ್ಬಿಸಿ ಹೇಳಿದ್ದೇನೋ ಆಯಿತು, ಕಣ್ಣು ಮಾತ್ರ ಒಲೆಯ ಮೇಲಿನ ಗೂಡಿಗೆ ಹೋಯಿತು. ಅಲ್ಲಿ ಪಕ್ಕದ ಮನೆಯ ಸಲ್ಮಾಳ ಬೋಗುಣಿ ಕೂತಿತ್ತು. ಹೋದ ಮಳೆಗಾಲದಲ್ಲಿ ಗಂಡ ಮಾನ್ವೆಲ್ ಸತ್ತು ಒಲೆ ಹೊತ್ತಿಸದ ದಿನ, ಸಲ್ಮಾ ಅದರ ತುಂಬ ಅನ್ನ ಸಾರು ತಂದು, ಕೈಯಾರೆ ಕಲಸಿ ತಿನ್ನಿಸಿದ್ದಳು. ತುಂಬಿ ಕೊಡಲು ಆಮೇಲೆ ಮನೆಯಲ್ಲಿ ಏನೂ ಉಳಿಯಲಿಲ್ಲ. ಖಾಲಿ ಬೋಗುಣಿ ಹಿಡಿದು ಹೋಗಲು ಮುಖವಿಲ್ಲ. ಅದನ್ನು ಬಿಟ್ಟು ಬರಿಗೈಲಿ ಹೋಗಲೂ ಮುಖವಿಲ್ಲ. ಹಾಗೆ ಹಾಗೆ ಆ ಬಾಗಿಲಿನ ಕಡೆ ಹೋಗುವುದೇ ನಿಂತುಹೋಯಿತು.

"ಕಷ್ಟ ಬಂದ್ರ ಯಾರು ಓಡಿ ಬರ್ತಾರ?" ಹುಡುಗಿ ಮುಂದಿನ ಪ್ರಶ್ನೆ ಕೇಳಿದಳು.

"ಸಲ್ಮಾ," ಎಂದಳು, ಯೋಚಿಸದೆ.

ಹೊರಡುವಾಗ ಹುಡುಗಿ, ಉತ್ತರ ಕೊಟ್ಟಿದ್ದಕ್ಕೆಂದು ಸಕ್ಕರೆ ಪೊಟ್ಟಣವೊಂದನ್ನು ಕೈಗಿಟ್ಟಳು. ದೇವರೇ ಕಣ್ತೆರೆದ ಎನಿಸಿತು ಮಾರ್ಗರೀಟಾಗೆ. ಬೋಗುಣಿಯನ್ನು ಬೂದಿ ಹಾಕಿ ತಿಕ್ಕಿ, ಸಕ್ಕರೆ ಸುರಿದು, ಸೆರಗು ಮುಚ್ಚಿಕೊಂಡು ಹೋದಳು.

ಸಲ್ಮಾ ಗೋಡೆಗೆ ಒರಗಿ ಕೂತಿದ್ದಳು. ಎಷ್ಟು ಸೊರಗಿದ್ದಾಳೆ! ಅವಳ ಪಕ್ಕದಲ್ಲೂ ಅಂಥದೇ ಪೊಟ್ಟಣವಿತ್ತು.

"ತಡಾ ಆತು, ಸಲ್ಮಾ. ಖಾಲಿ ಹೆಂಗ ತರೂದು ಅಂತ..."

"ಬೋಗುಣಿ ಯಾರ ಕೇಳಿದ್ರು?" ಸಲ್ಮಾಳ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ಚಳಿಗಾಲದಾಗ ಜ್ವರ ಬಂದು ಮಲಗೇಬಿಟ್ಟಿದ್ನಿ. ನೀ ಕೆಮ್ಮೂದು ಗ್ವಾಡಿ ಆಚೆ ಕೇಳ್ತಿತ್ತು. ಇವತ್ತ ಬರ್ತಾಳ, ನಾಳೆ ಬರ್ತಾಳ ಅಂತ ಬಾಗಲಾ ತೆರದ ಇಟ್ಟಿದ್ನಿ."

ಆ ಜ್ವರ ಮಾರ್ಗರೀಟಾಗೆ ತಿಳಿದಿತ್ತು. ಆಗಲೂ ಬೋಗುಣಿಗೆ ಕೈಹಾಕಿದ್ದಳು. ಒಳಗೆ ನೋಡಿ, ಸುಮ್ಮನೆ ಕೈ ಹಿಂದೆಗೆದಿದ್ದಳು.

"ಆ ಹುಡುಗಿ ನನಗೂ ಕೇಳಿದ್ಳು, ಕಷ್ಟಕ್ಕ ಯಾರು ಬರ್ತಾರ ಅಂತ," ಎಂದಳು ಸಲ್ಮಾ. "ಯಾರೂ ಇಲ್ಲ ಅಂದ್ನಿ."

ತಾನು ಕೊಟ್ಟ ಉತ್ತರ ಮಾರ್ಗರೀಟಾಳ ನಾಲಿಗೆಯ ತುದಿಗೆ ಬಂತು. ಸೆರಗು ಸರಿಸಿ ಬೋಗುಣಿಯನ್ನು ಮುಂದಿಟ್ಟಳು.

ಸಲ್ಮಾ ಸಕ್ಕರೆಯನ್ನು ಡಬ್ಬಿಗೆ ಸುರಿದುಕೊಂಡಳು. ಬೋಗುಣಿ ತೊಳೆದು ಬೋರಲು ಹಾಕಿದಳು.

ಮಾರ್ಗರೀಟಾ ಮನೆಗೆ ಬಂದಳು. ಗೂಡಿನ ತಳವೆಲ್ಲ ಒಲೆಯ ಮಸಿ ಹಿಡಿದು ಕಪ್ಪಾಗಿತ್ತು. ಬೋಗುಣಿ ಕೂತ ಜಾಗ ಮಾತ್ರ ದುಂಡಗೆ, ಬೆಳ್ಳಗೆ ಉಳಿದಿತ್ತು.