ಕೆಂಪಕ್ಷರದ ಮೇಲಿನ ಸಾಲು

ಕಪ್ಪು ಪರದೆಯ ತಳದಲ್ಲಿ ಎರಡು ಸಾಲು ಕೆಂಪಕ್ಷರ. ಆ ಭಾನುವಾರ ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ನಾನು ಅದನ್ನು ಹದಿನಾಲ್ಕು ಸಲ ನೋಡಿದೆ. ಬಿಲ್ಡ್ ಫೇಲಾಯಿತು ಎಂಬುದಷ್ಟೇ ಅದರ ಸಾರಾಂಶ. ಅಷ್ಟು ಹೇಳುವುದಕ್ಕೆ ಒಂದು ಯಂತ್ರ ಬೇಕೇ?

ಆಗ ನಾನು ಅಂಧ ಮಕ್ಕಳ ಶಾಲೆಯೊಂದರ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಇಡೀ ಊರಿನಲ್ಲಿ ತಲೆ ಇರುವವನು ನಾನೊಬ್ಬನೇ ಎಂದು ನಂಬಿದ್ದೆ. ಬ್ರೈಲ್ ಮುದ್ರಿಸುವ ತಂತ್ರಾಂಶವಿದ್ದ ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟುಹೋಗಿದ್ದರಿಂದ, ಅದನ್ನು ಕಚೇರಿಯ ಕಂಪ್ಯೂಟರಿಗೆ ಹೊಸದಾಗಿ ಹಾಕಬೇಕಿತ್ತು. ಪ್ಯಾಕೇಜ್ ಮ್ಯಾನೇಜರ್ ಎಂಬುದೊಂದಿದೆ. ಹೆಸರು ಹೇಳಿದರೆ ಸಾಕು, ಬೇಕಾದ ತಂತ್ರಾಂಶವನ್ನು ಅಂತರ್ಜಾಲದಿಂದ ತಂದು, ಅಲ್ಲೇ ಕಟ್ಟಿ, ಕೂರಿಸಿಕೊಡುತ್ತದೆ. ಆ ಕಟ್ಟುವ ಕೆಲಸಕ್ಕೇ ಬಿಲ್ಡ್ ಎನ್ನುವುದು. ತರುವುದೇನೋ ತರುತ್ತಿತ್ತು, ಕಟ್ಟುವಾಗ ಮುಗ್ಗರಿಸುತ್ತಿತ್ತು.

ಮರುದಿನ ಕಲಾವತಿಗೆ ಕಾಲೇಜಿನ ಪ್ರವೇಶ ಪರೀಕ್ಷೆ. ನಮ್ಮ ಶಾಲೆಯಿಂದ ಅಲ್ಲಿಗೆ ಹೊರಟ ಮೊದಲ ಹುಡುಗಿ ಅವಳು. ಪ್ರಶ್ನೆ ಓದಿ ಹೇಳಿ, ಉತ್ತರ ಬರೆದುಕೊಳ್ಳಲು ಒಬ್ಬರನ್ನು ಕೊಡಿ ಎಂದು ನಾವು ಬರೆದ ಪತ್ರವನ್ನು ಕಾಲೇಜಿನವರು ತಳ್ಳಿಹಾಕಿದ್ದರು. ಕೊನೆಯ ದಿನ ಹತ್ತು, ನಿಮ್ಮ ಲಕೋಟೆಯ ಮೇಲಿನ ಅಂಚೆ ಮುದ್ರೆ ಹದಿನೇಳು ಎಂಬುದು ಅವರ ತಕರಾರು. ಪತ್ರದ ತಲೆಯ ಮೇಲೆ ಒಂಬತ್ತನೇ ತಾರೀಖು ಎದ್ದು ಕಾಣುತ್ತಿತ್ತಲ್ಲ! ಅಂಚೆಯವರು ಸೋಮಾರಿಗಳು, ಕಾಲೇಜಿನವರು ಕಣ್ಣಿದ್ದೂ ಕುರುಡರು ಎಂದು ಕಲಾವತಿಯ ಮುಂದೆಯೇ ಬೈದೆ. ಯಾರ ಮುಂದೆ ಯಾವ ಮಾತಾಡುತ್ತಿದ್ದೇನೆಂಬ ಎಚ್ಚರವೂ ಇರಲಿಲ್ಲ. ಕೊನೆಗೆ ಕಾಲೇಜಿನವರು ಒಂದಿಷ್ಟು ದಯೆ ತೋರಿದರು. ಬೆಳಗ್ಗೆ ಎಂಟಕ್ಕೆ ಪ್ರಶ್ನೆಪತ್ರಿಕೆ ಕಳಿಸುತ್ತೇವೆ, ನೀವೇ ಬ್ರೈಲಿನಲ್ಲಿ ಮುದ್ರಿಸಿಕೊಡಿ, ಉತ್ತರ ಅವಳು ಟೈಪ್ ಮಾಡಲಿ ಎಂದರು. ಮುದ್ರಣವಾಗದಿದ್ದರೆ ಪರೀಕ್ಷೆ ಇಲ್ಲ. ಇನ್ನೊಂದು ವರ್ಷ ಕಾಯಲು ಅವಳಪ್ಪ ತಯಾರಿರಲಿಲ್ಲ.

ಕಂಪ್ಯೂಟರ್ ಅಂಗಡಿಯ ಜಯಕೀರ್ತಿಯನ್ನು ಕರೆಸಿದೆ. ಆ ಮಹಾನುಭಾವನಿಗೆ ಗೊತ್ತಿದ್ದುದು ಒಂದೇ ಮಂತ್ರ.

"ಆಫ್ ಮಾಡಿ ಆನ್ ಮಾಡಿದ್ರಾ ಸಾರ್?"

"ಆರು ಸಲ."

"ಇನ್ನೊಂದ್ಸಲ ಮಾಡಿ ನೋಡೋಣ."

ಅದೇ ಕೆಂಪಕ್ಷರ. "ನೆಟ್‌ವರ್ಕ್ ಪ್ರಾಬ್ಲಮ್ಮು," ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಎದ್ದುಹೋದ. ಕಾಫಿ ದಂಡವಾಯಿತು. ಅಂತರ್ಜಾಲದಲ್ಲಿ ಇದೇ ಗೋಳು ತೋಡಿಕೊಂಡವರ ಪುಟಗಳನ್ನು ತೆರೆದೆ. ಒಬ್ಬ ಎಲ್ಲವನ್ನೂ ಅಳಿಸಿ ಮೊದಲಿಂದ ಹಾಕು ಎನ್ನುತ್ತಿದ್ದ. ಇನ್ನೊಬ್ಬ 'ನನ್ನದು ಸರಿಹೋಯಿತು' ಎಂದಷ್ಟೇ ಬರೆದು, ಹೇಗೆಂದು ಹೇಳದೆ ತೊಲಗಿದ್ದ. ಅವನ ಮನೆ ಹಾಳಾಗ! ತಂತ್ರಾಂಶ ಬರೆದವರು ಮೂರು ದಿನದ ಹಿಂದಷ್ಟೇ ಹೊಸ ಆವೃತ್ತಿ ಬಿಟ್ಟಿದ್ದರು. ಪರೀಕ್ಷಿಸಿ ನೋಡದೆ ಊರಿಗೆಲ್ಲ ಹಂಚುವ ಅಡ್ಡಕಸುಬಿಗಳು ನೀವು ಎಂದು ಅವರಿಗೂ ಒಂದು ಪತ್ರ ಬರೆದು ಬಿಸಾಕಿದೆ.

ಊಟದ ಹೊತ್ತಿಗೆ ಚಿಕ್ಕಲಿಂಗಯ್ಯ ಮೇಷ್ಟ್ರು ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಕಲಾವತಿಗೆ ಗಣಿತ ಕಲಿಸಿದವರು, ಹುಟ್ಟಿನಿಂದಲೇ ದೃಷ್ಟಿಯಿಲ್ಲ.

"ಏನನ್ನತ್ತಯ್ಯ ಅದು?"

"ಫೇಲ್ ಅನ್ನತ್ತೆ ಸಾರ್. ಇನ್ನೇನಂದೀತು."

"ಅಷ್ಟೇನಾ? ಅದರ ಮೇಲೆ ಏನೂ ಬರ್ದಿಲ್ವಾ?"

"ಮೇಲೆ ಇನ್ನೂರು ಸಾಲು ಕಸ ಇದೆ ಸಾರ್. ಅದನ್ನ ಯಾರೂ ಓದಲ್ಲ."

"ನೀನು ಓದು, ನಾನು ಕೇಳ್ತೀನಿ. ನಂಗೇನು ಬೇರೆ ಕೆಲಸ ಇಲ್ಲ."

ಕಂಪ್ಯೂಟರ್ ಮುಟ್ಟಿಯೂ ಗೊತ್ತಿಲ್ಲದ ಮುದುಕರಿಗೆ ನಾನು ಪಾಠ ಒಪ್ಪಿಸಬೇಕಲ್ಲ ಎಂದು ಒಳಗೇ ಉರಿಯಿತು. ಅಣಕಿಸುವಂತೆ ರಾಗವಾಗಿ, ಒಂದೊಂದು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತ ಓದತೊಡಗಿದೆ. ಮೇಷ್ಟ್ರು ತಲೆಯಾಡಿಸುತ್ತ ಕೇಳಿಸಿಕೊಂಡರು. ಮೂವತ್ತನೆಯದೋ ನಲವತ್ತನೆಯದೋ ಸಾಲಿನಲ್ಲಿ ನನ್ನ ರಾಗ ನಿಂತುಹೋಯಿತು.

"ಯಾಕೆ, ಏನಾಯ್ತು?"

"ಈಗ ತಾನೇ ಮಾಡಿದ ಫೈಲು, ಹೊರಗಿಂದ ಬಂದ ಫೈಲಿಗಿಂತ ಹಳೇದಾಗಿದೆ. ನಿಮ್ಮ ಗಡಿಯಾರ ನೋಡ್ಕೊಳ್ಳಿ. ಹಂಗಂತ ಇದೆ ಸಾರ್."

"ಈಗ ಹುಟ್ಟಿದ್ದು ಹೆಂಗಯ್ಯ ಹಳೇದಾಗತ್ತೆ? ಇವತ್ತು ಎಷ್ಟನೇ ತಾರೀಖು ಅನ್ನತ್ತೆ ನೋಡು ಅದು."

ಪರದೆಯ ಮೂಲೆಯಲ್ಲಿ ಗಂಟೆ ಮಾತ್ರ ಕಾಣುತ್ತಿತ್ತು, ಅದು ಸರಿಯಾಗಿಯೇ ಇತ್ತು. ತಾರೀಖು ಬೇಕಾದರೆ ಒತ್ತಿ ನೋಡಬೇಕು. ನನಗೆ ಒತ್ತುವ ಅಗತ್ಯವಿರಲಿಲ್ಲ. ಕಲಾವತಿಯ ಪತ್ರ ಕಳಿಸು ಎಂದು ಮೇಷ್ಟ್ರು ನನಗೆ ಹೇಳಿದ್ದು ಮೂರನೇ ತಾರೀಖು. ಇಂಥ ಚಿಲ್ಲರೆ ಕೆಲಸ ನಾಳೆ ಆದೀತು ಎಂದುಕೊಂಡು ಮರೆತೆ. ನೆನಪಾದದ್ದು ಹದಿನೇಳಕ್ಕೆ. ಕಚೇರಿಯ ಪತ್ರಗಳಿಗೆ ಕಂಪ್ಯೂಟರೇ ತಾರೀಖು ಹಾಕುತ್ತಿತ್ತು, ಕೈಯಲ್ಲಿ ತಿದ್ದುವಂತಿರಲಿಲ್ಲ. ಅದಕ್ಕೇ ಕಂಪ್ಯೂಟರಿನ ದಿನವನ್ನೇ ಎಂಟು ದಿನ ಹಿಂದಕ್ಕೆ ತಿರುಗಿಸಿ, ಒಂಬತ್ತೆಂದು ಮುದ್ರಿಸಿ ಟಪಾಲಿಗೆ ಹಾಕಿದ್ದೆ. ಮತ್ತೆ ಮುಂದಕ್ಕೆ ತಿರುಗಿಸುವುದನ್ನು ಮರೆತಿದ್ದೆ. ಅಂಚೆಯವರು ಲಕೋಟೆಯ ಮೇಲೆ ತಮ್ಮ ಮುದ್ರೆ ಒತ್ತುತ್ತಾರೆಂಬುದು ಈ ಮಹಾ ಬುದ್ಧಿವಂತನಿಗೆ ಹೊಳೆದಿರಲೇ ಇಲ್ಲ.

"ಹದಿನೆಂಟು ಅಂತಿದೆ ಸಾರ್," ಎಂದೆ.

"ಇವತ್ತು ಇಪ್ಪತ್ತಾರು. ಎಂಟು ದಿನ ಹಿಂದೆ." ಮೇಷ್ಟ್ರು ನನ್ನ ಕಡೆಗೆ ತಿರುಗಿದರು. "ಅಂಚೆ ಮುದ್ರೆ ಹದಿನೇಳು ಅಂದಿದ್ರು. ಕಾಗದದ ಮೇಲೆ ಒಂಬತ್ತು." ಹದಿನೇಳರಲ್ಲಿ ಎಂಟು ಕಳೆಯುವುದು ಅವರಿಗೇನು ಕಷ್ಟ?

"ಮೊದ್ಲು ಅದನ್ನ ಸರಿ ಮಾಡು," ಎಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಾರೀಖು ಸರಿಮಾಡಿದೆ. ನಾಲ್ಕು ನಿಮಿಷದಲ್ಲಿ ಬಿಲ್ಡ್ ಮುಗಿಯಿತು, ಕೆಂಪಕ್ಷರ ಬರಲಿಲ್ಲ. ಮರುದಿನ ಎಂಟಕ್ಕೆ ಪ್ರಶ್ನೆಪತ್ರಿಕೆ ಬಂತು, ಎಂಟೂವರೆಗೆ ಅಚ್ಚಾಯಿತು. ಕಲಾವತಿ ಪರೀಕ್ಷೆ ಬರೆದು, ನೇರವಾಗಿ ಕಚೇರಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

"ಚೆನ್ನಾಗಿ ಬರ್ದೆ ಅಣ್ಣ. ಎಲ್ರೂ ಕೈಬಿಟ್ಟಾಗ ನೀವೊಬ್ರೇ ಉಳಿಸಿದ್ರಿ. ಆ ಕಾಗದ ತಡ ಮಾಡಿದ್ದು ಪೋಸ್ಟಿನೋರೇ ಅಲ್ವಾ?"

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕಿವಿ ನನ್ನ ಕಡೆಗೇ ಇತ್ತು. ಅವರು ಕಾಯುತ್ತಿದ್ದಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಅವರೇ ಇರ್ಬೇಕು ಕಣಮ್ಮ," ಎಂದೆ. ಥೂ, ನನ್ನ ಬಾಯಿಗೆ!

ಕಲಾವತಿ ಹೋದಳು. ದಿನಾ ಸಂಜೆ ಶಾಲೆಯ ಮೆಟ್ಟಿಲಿಳಿಯುವಾಗ ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಡುತ್ತಿದ್ದರು. ಅಂದೂ ಎದ್ದು ಅವರ ಪಕ್ಕಕ್ಕೆ ಹೋಗಿ ನಿಂತೆ. ಅವರು ನನ್ನನ್ನು ದಾಟಿ, ಗೋಡೆಯನ್ನು ತಡವಿಕೊಳ್ಳುತ್ತ, ಒಂದೊಂದೇ ಮೆಟ್ಟಿಲಿಗೆ ಕಾಲು ಚಾಚಿ ನೋಡುತ್ತ, ಒಬ್ಬರೇ ಇಳಿದುಹೋದರು.