ಮೊದಲು ಹೇಳಬೇಕಾದವರು

ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಅಕ್ಕ ಹೇಳಬೇಕಾದ್ದನ್ನು ಮೂರು ದಿನದಿಂದ ಬಾಯಿಪಾಠ ಮಾಡುತ್ತಿದ್ದಳು. 'ಡಾಕ್ಟ್ರೇ, ಕೆಲಸಕ್ಕೆ ಬರೋವಾಗ ಸೇತುವೆ ಮೇಲೆ ಕಾಲು ನಿಂತುಬಿಡುತ್ತೆ. ನೀರು ಕರೆಯುತ್ತೆ.' ಇಷ್ಟೇ. ಹೋದ ವರ್ಷ ಅವಳ ತಮ್ಮನೂ ಮನಸ್ಸಿನ ಡಾಕ್ಟರ ಇದೇ ಕೋಣೆಗೆ ಬಂದು, ತುಟಿ ಪಿಟಕ್ಕೆನ್ನದೆ ಕೂತು, ಎದ್ದು ಹೋಗಿದ್ದ. ಹನ್ನೊಂದನೆಯ ದಿನ ಹೊಳೆಯ ಪಾಲಾದ.

ತಮ್ಮ ಮೊಂಡನೇನಲ್ಲ. ಕಾಡಿನಿಂದ ಎಬ್ಬಿಸಿ ತಂದು ತಗಡಿನ ಸಾಲುಮನೆಗಳಲ್ಲಿ ತುಂಬಿದ ಅವರ ಜನರಲ್ಲಿ ಒಂದು ರೀತಿಯಿದೆ. ನೊಂದವರು ಮೊದಲು ಬಾಯಿ ಬಿಡುವುದಿಲ್ಲ. ಕೇಳಲು ಕೂತವರು ತಮ್ಮದೊಂದು ದುಃಖ ಹೇಳಿಕೊಂಡ ಮೇಲೆಯೇ ಇವರ ಮಾತು. ಬರಿಗೈಯಲ್ಲಿ ಬಂದವರ ಮುಂದೆ ಎದೆ ಬಿಚ್ಚುವುದು ಹೇಗೆ? ಪೇಟೆಯವರಿಗೆ ಇದೆಲ್ಲ ಎಲ್ಲಿ ಗೊತ್ತು! ಆ ಸಾಲುಮನೆಯವರಿಗೆಂದು ಮನಸ್ಸಿನ ಡಾಕ್ಟರು ಬರುವುದೇ ತಿಂಗಳಿಗೊಂದು ದಿನ. ಅದೂ ಒಮ್ಮೆ ಬಂದವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಈ ಸಲದವನು ಚಿಕ್ಕ ಪ್ರಾಯದವನು, ಮುಖದಲ್ಲಿ ಕೆಡುಕಿರಲಿಲ್ಲ.

"ಹೇಳಮ್ಮ, ನಿದ್ದೆ ಬರುತ್ತಾ? ಊಟ ಸೇರುತ್ತಾ?"

ಅವನದೊಂದು ದುಃಖ ಮೊದಲು ಬರಲೆಂದು ಅವಳು ಕಾದಳು. ಅವನು ಗಡಿಯಾರ ನೋಡಿದ. ಕೊನೆಗೆ ಅವಳೇ ದಾರಿ ಮಾಡಿಕೊಟ್ಟಳು.

"ನಿಮಗೇನು ದುಃಖ ಇದೆ, ಡಾಕ್ಟ್ರೇ? ಒಂದು ಹೇಳಿ."

ಅವನು ನಕ್ಕ. "ನನಗಾ? ನಾನು ಆರಾಮಾಗಿದೀನಮ್ಮ. ನಿಮ್ದು ಹೇಳಿ."

ಪಾಪ, ಒಳ್ಳೆಯ ಮಾತೆಂದೇ ಹೇಳಿದ. ಸಣ್ಣದೊಂದು ಸಾಕಿತ್ತು, ಸತ್ತುಹೋದ ನಾಯಿಯದ್ದಾದರೂ ಸರಿ. ಅವಳು ಇನ್ನಷ್ಟು ಹೊತ್ತು ಕಾದಳು.

"ಹಾಗಾದ್ರೆ ಏನೂ ಇಲ್ಲ ಅಂತ ಬರೀಲಾ?" ಎಂದವನು ಉತ್ತರಕ್ಕೆ ಕಾಯದೆ ಬರೆದ: 'ವಿಶೇಷ ತೊಂದರೆ ಇಲ್ಲ.' ತಮ್ಮನ ಚೀಟಿಯಲ್ಲೂ ಇದೇ ಇತ್ತು. ಅದನ್ನು ಅವಳು ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಮಧ್ಯಾಹ್ನ ಇಸ್ತ್ರಿಗೆ ಡಾಕ್ಟರುಗಳ ಬಿಳಿ ಕೋಟುಗಳು ಬಂದವು. ಒಂದನ್ನು ಮೇಜಿನ ಮೇಲೆ ಹರಡಿ, ತೋಳು ನೇರ ಮಾಡಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ನನ್ನ ತಮ್ಮ ಹೋಗ್ಬಿಟ್ಟ" ಎಂದಳು. ಇಸ್ತ್ರಿ ಎಳೆದು, ಮಡಿಸಿ ರಾಶಿಗೆ ಸೇರಿಸಿದಳು.

ಮನೆಗೆ ಹೊರಟಾಗ ಸೇತುವೆಯ ದಾರಿ ಬಿಟ್ಟು ಸುತ್ತುದಾರಿ ಹಿಡಿದಳು. ಮೂರು ಮೈಲಿ ಹೆಚ್ಚು. ಬೆಳಗಿನಿಂದ ನಿಂತ ಕಾಲು ಸೇದುತ್ತಿತ್ತು. ನಾಳೆಯೂ ಹೀಗೇ ಬರಬೇಕು, ನಾಡಿದ್ದೂ. ಮುಂದಿನ ಡಾಕ್ಟರು ಬರುವವರೆಗೆ ಅವಳನ್ನು ಅವಳೇ ಕಾಯಬೇಕು.